ಜಾಕಿ ಕೂಗನ್

ಜಾಕಿ ಕೂಗನ್ (ಪೂರ್ಣ ಹೆಸರು: ಜಾನ್ ಲೆಸ್ಲಿ ಕೂಗನ್, ಜನನ: 26 ಅಕ್ಟೋಬರ್ 1914, ಲಾಸ್ ಏಂಜಲೀಸ್, ಮರಣ: 1 ಮಾರ್ಚ್ 1984, ಸಾಂಟಾ ಮೋನಿಕಾ) ಅಮೆರಿಕದ ಚಲನಚಿತ್ರ ಮತ್ತು ದೂರದರ್ಶನ ನಟರು. ಎರಡನೇ ಮಹಾಯುದ್ಧದ ಕಾಲದಲ್ಲಿ ಇವರು ಭಾರತ–ಬರ್ಮಾ ರಂಗದಲ್ಲಿ ಸೈನಿಕ ಗ್ಲೈಡರ್ ಪೈಲಟ್ ಆಗಿ ಸೇವೆ ಸಲ್ಲಿಸಿದರು. ಚಾರ್ಲಿ ಚಾಪ್ಲಿನ್ ಅವರ 'ದಿ ಕಿಡ್' (1921) ಚಿತ್ರದ ಅನಾಥ ಬಾಲಕನಾಗಿ ಅವರು ಜಗತ್ತಿಗೆ ಪರಿಚಿತರಾದರು. ಬಾಲ್ಯದಲ್ಲಿ ತಾವು ಗಳಿಸಿದ ಹಣಕ್ಕಾಗಿ ಸ್ವಂತ ತಾಯಿಯ ವಿರುದ್ಧ ಅವರು ಹೂಡಿದ ಮೊಕದ್ದಮೆಯಿಂದ ಕ್ಯಾಲಿಫೋರ್ನಿಯಾದಲ್ಲಿ ಬಾಲನಟರ ರಕ್ಷಣೆಗೆ ಒಂದು ಕಾನೂನೇ ಹುಟ್ಟಿತು. 1960ರ ದಶಕದಲ್ಲಿ 'ದಿ ಆಡಮ್ಸ್ ಫ್ಯಾಮಿಲಿ' ದೂರದರ್ಶನ ಸರಣಿಯ ಅಂಕಲ್ ಫೆಸ್ಟರ್ ಪಾತ್ರದಿಂದ ಅವರು ಮತ್ತೊಮ್ಮೆ ಮನೆಮಾತಾದರು.

ಈ ಎರಡು ಖ್ಯಾತಿಗಳ ನಡುವೆ ಅವರ ಯುದ್ಧಸೇವೆ ಮರೆಯಾಗಿ ನಿಂತಿದೆ. ಆದರೆ ಭಾರತದ ಓದುಗರಿಗೆ ಅವರ ಜೀವನದ ಆ ಭಾಗವೇ ಹತ್ತಿರದ್ದು. 1944ರ ಮಾರ್ಚ್ 5ರ ರಾತ್ರಿ ಅಸ್ಸಾಮಿನ ಲಾಲಾಘಾಟ್ ವಿಮಾನ ನೆಲೆಯಿಂದ ಹೊರಟು ಜಪಾನೀಯರ ವಶದಲ್ಲಿದ್ದ ಬರ್ಮಾದ ಕಾಡಿನಲ್ಲಿ ಇಳಿದ ಗ್ಲೈಡರ್‌ಗಳಲ್ಲಿ ಒಂದನ್ನು ನಡೆಸಿದವರು ಕೂಗನ್.

ಬಾಲ್ಯ ಮತ್ತು ಮೂಕಿಚಿತ್ರಗಳು

ಕೂಗನ್ ಅವರ ತಂದೆ ಜಾನ್ ಹೆನ್ರಿ ಕೂಗನ್ ರಂಗದ ಮೇಲಿನ ನರ್ತಕರು ಮತ್ತು ನಟರು, ತಾಯಿ ಲಿಲಿಯನ್. ಹಸುಗೂಸಾಗಿದ್ದಾಗಲೇ 'ಸ್ಕಿನ್ನರ್ಸ್ ಬೇಬಿ' (1917) ಎಂಬ ಚಿತ್ರದಲ್ಲಿ ಕಾಣಿಸಿಕೊಂಡಿದ್ದ ಬಾಲಕ ಮುಂದೆ ತಂದೆಯೊಡನೆ ರಂಗವೇರತೊಡಗಿದ. ಲಾಸ್ ಏಂಜಲೀಸಿನ ಆರ್ಫಿಯಂ ರಂಗಮಂದಿರದಲ್ಲಿ ಅವನ ಕುಣಿತ ಮತ್ತು ಅನುಕರಣೆಯನ್ನು ಕಂಡ ಚಾಪ್ಲಿನ್, 'ಎ ಡೇಸ್ ಪ್ಲೆಷರ್' (1919) ಎಂಬ ಕಿರುಚಿತ್ರದಲ್ಲಿ ಅವನಿಗೆ ಸಣ್ಣ ಪಾತ್ರ ಕೊಟ್ಟರು. ಅನಂತರ ಬಂದದ್ದು 'ದಿ ಕಿಡ್'. ಹುಡುಗ ಕಲ್ಲೆಸೆದು ಕಿಟಕಿಯ ಗಾಜು ಒಡೆಯುವುದು, ಅವನನ್ನು ಸಾಕಿದ ಅಲೆಮಾರಿ ಅದೇ ಬೀದಿಯಲ್ಲಿ ಏನೂ ಅರಿಯದವನಂತೆ ಗಾಜು ಜೋಡಿಸುವವನಾಗಿ ಬರುವುದು, ಅನಾಥಾಲಯದವರು ಹುಡುಗನನ್ನು ಎಳೆದೊಯ್ಯುವಾಗ ಅವನು ಕೈಚಾಚಿ ಅಳುವುದು: ಈ ದೃಶ್ಯಗಳನ್ನು ನೂರು ವರ್ಷಗಳ ನಂತರವೂ ಜನ ನೋಡುತ್ತಿದ್ದಾರೆ.

ಆ ಚಿತ್ರದ ಬೆನ್ನಿಗೇ 'ಪೆಕ್ಸ್ ಬ್ಯಾಡ್ ಬಾಯ್' (1921), ಲಾನ್ ಚೇನಿ ಅವರೊಡನೆ 'ಆಲಿವರ್ ಟ್ವಿಸ್ಟ್' (1922), 'ಸರ್ಕಸ್ ಡೇಸ್' (1923), 'ಎ ಬಾಯ್ ಆಫ್ ಫ್ಲಾಂಡರ್ಸ್' (1924) ಮೊದಲಾದ ಚಿತ್ರಗಳು ಬಂದವು. ಬಾಲಕನ ಹೆಸರು ಮತ್ತು ಮುಖವನ್ನು ಹೊತ್ತ ಗೊಂಬೆ, ಪೀಪಿ, ಬರೆಯುವ ಹಾಳೆ, ಕಡಲೆಕಾಯಿ ಬೆಣ್ಣೆಗಳು ಅಂಗಡಿಗಳಲ್ಲಿ ಮಾರಾಟವಾದವು. 1924ರಲ್ಲಿ ಅರ್ಮೇನಿಯಾ ಮತ್ತು ಗ್ರೀಸ್ ಕಡೆಯ ನಿರಾಶ್ರಿತ ಮಕ್ಕಳಿಗಾಗಿ 'ನಿಯರ್ ಈಸ್ಟ್ ರಿಲೀಫ್' ಸಂಸ್ಥೆಯ ಪರವಾಗಿ ಅಮೆರಿಕ ಮತ್ತು ಯುರೋಪಿನಲ್ಲಿ ಪ್ರವಾಸ ಮಾಡಿ ಹತ್ತು ಲಕ್ಷ ಡಾಲರ್‌ಗೂ ಮಿಕ್ಕ ಬೆಲೆಯ ಆಹಾರ, ಬಟ್ಟೆ ಇತ್ಯಾದಿಗಳನ್ನು ಸಂಗ್ರಹಿಸಲು ನೆರವಾದಾಗ ಅವರಿಗೆ ಇನ್ನೂ ಹತ್ತು ವರ್ಷ ತುಂಬುತ್ತಿತ್ತು. ರೋಮಿನಲ್ಲಿ ಪೋಪ್ ಹನ್ನೊಂದನೆಯ ಪಯಸ್ ಅವರ ಭೇಟಿಯೂ ಆಯಿತು.

ಬಾಲನಟರಿಗೆ ವಯಸ್ಸೇ ಶತ್ರು. 'ಟಾಮ್ ಸಾಯರ್' (1930) ಮತ್ತು 'ಹಕಲ್‌ಬೆರಿ ಫಿನ್' (1931) ಚಿತ್ರಗಳ ನಂತರ ದೊಡ್ಡ ಪಾತ್ರಗಳು ನಿಂತುಹೋದವು. ಕಾಲೇಜು ಓದನ್ನೂ ಅವರು ಪೂರ್ತಿಗೊಳಿಸಲಿಲ್ಲ.

ಅಪಘಾತ, ಮೊಕದ್ದಮೆ ಮತ್ತು ಕೂಗನ್ ಕಾಯಿದೆ

1935ರ ಮೇ ತಿಂಗಳಿನಲ್ಲಿ ಮೆಕ್ಸಿಕೊ ಗಡಿಯಾಚೆ ಬೇಟೆಗೆ ಹೋಗಿ ಹಿಂದಿರುಗುತ್ತಿದ್ದಾಗ ಸ್ಯಾನ್ ಡಿಯಾಗೊ ಪ್ರಾಂತದ ಬೆಟ್ಟದ ರಸ್ತೆಯಲ್ಲಿ ಅವರ ಕಾರು ಉರುಳಿತು. ತಂದೆ, ಗೆಳೆಯ ಹಾಗೂ ಯುವ ನಟ ಜೂನಿಯರ್ ಡರ್ಕಿನ್, ಮತ್ತಿಬ್ಬರು ಸತ್ತರು. ಬದುಕಿ ಉಳಿದವರು ಜಾಕಿ ಒಬ್ಬರೇ.

ಮಗನ ಹಣಕಾಸನ್ನು ನೋಡಿಕೊಳ್ಳುತ್ತಿದ್ದವರು ತಂದೆ. ಅವರ ಮರಣಾನಂತರ ತಾಯಿ, ಕುಟುಂಬದ ಹಣಕಾಸು ಸಲಹೆಗಾರ ಆರ್ಥರ್ ಬರ್ನ್‌ಸ್ಟೀನ್ ಅವರನ್ನು ಮದುವೆಯಾದರು. ಇಪ್ಪತ್ತೊಂದು ತುಂಬಿದ ಜಾಕಿ ತಮ್ಮ ಗಳಿಕೆ ತಮಗೆ ಸಿಗುವುದೆಂದು ಎದುರುನೋಡಿದ್ದರು. ಅದು ಸುಮಾರು 30ರಿಂದ 40 ಲಕ್ಷ ಡಾಲರ್ ಎಂದು ಅಂದಾಜು. ಸಿನಿಮಾ ಜಗತ್ತಿನ ಅತಿ ದುಬಾರಿ ಬಾಲಕನಾಗಿದ್ದ ದಿನಗಳಲ್ಲಿ ಅವರ ಕೈಗೆ ಬರುತ್ತಿದ್ದದ್ದು ವಾರಕ್ಕೆ ಆರೂಕಾಲು ಡಾಲರ್ ಕೈಖರ್ಚು. ಹಣ ಕೊಡಲು ತಾಯಿ ಮತ್ತು ಮಲತಂದೆ ಒಪ್ಪಲಿಲ್ಲ. 1938ರ ಏಪ್ರಿಲ್‌ನಲ್ಲಿ ಕೂಗನ್ ನ್ಯಾಯಾಲಯದ ಮೆಟ್ಟಿಲೇರಿದರು.

ಅಂದಿನ ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ ಅಪ್ರಾಪ್ತ ವಯಸ್ಸಿನ ಮಗುವಿನ ದುಡಿಮೆ ತಂದೆತಾಯಿಗಳಿಗೆ ಸೇರಿದ್ದು. ಹೀಗಾಗಿ ಕಾನೂನಿನ ದೃಷ್ಟಿಯಲ್ಲಿ ತಾಯಿಯ ವಾದಕ್ಕೆ ಬಲವಿತ್ತು. ಜನರ ದೃಷ್ಟಿಯಲ್ಲಿ ಕಿಂಚಿತ್ತೂ ಇರಲಿಲ್ಲ. ಪ್ರಕರಣ ಮುಗಿಯುವ ಹೊತ್ತಿಗೆ ಉಳಿದಿದ್ದ ಆಸ್ತಿ ಸುಮಾರು ಎರಡೂವರೆ ಲಕ್ಷ ಡಾಲರ್ ಮಾತ್ರ. ಅದರಲ್ಲಿ ಕೂಗನ್ ಅವರಿಗೆ ದಕ್ಕಿದ್ದು 1,26,000 ಡಾಲರ್. ಈ ಹಗರಣದ ಫಲವಾಗಿ 1939ರಲ್ಲಿ ಕ್ಯಾಲಿಫೋರ್ನಿಯಾ ಶಾಸನಸಭೆ ಬಾಲನಟರ ಕಾಯಿದೆಯನ್ನು ಅಂಗೀಕರಿಸಿತು. ಇದು 'ಕೂಗನ್ ಕಾಯಿದೆ' ಎಂದೇ ಪ್ರಸಿದ್ಧ. ಅದರಲ್ಲಿ ಉಳಿದಿದ್ದ ನುಸುಳುದಾರಿಗಳನ್ನು ಮುಚ್ಚಿ 2000ದಿಂದ ಜಾರಿಗೆ ಬಂದ ತಿದ್ದುಪಡಿ, ಮಗುವಿನ ಗಳಿಕೆ ಮಗುವಿನದೇ ಆಸ್ತಿ ಎಂದು ಸ್ಪಷ್ಟಪಡಿಸಿತು. ಗಳಿಕೆಯ ಶೇ. 15ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿ ಇಡುವುದು ಈಗ ಕಡ್ಡಾಯ.

ಇದೇ ಅವಧಿಯಲ್ಲಿ, 1937ರಲ್ಲಿ, ಅವರು ನಟಿ ಬೆಟ್ಟಿ ಗ್ರೇಬಲ್ ಅವರನ್ನು ವಿವಾಹವಾದರು. ಮೊಕದ್ದಮೆಯ ದಿನಗಳನ್ನು ಈ ದಾಂಪತ್ಯ ದಾಟಲಿಲ್ಲ, 1939ರಲ್ಲಿ ವಿಚ್ಛೇದನವಾಯಿತು. ತಮ್ಮ ಕಷ್ಟಕಾಲದಲ್ಲಿ ಚಾಪ್ಲಿನ್ ಬಳಿ ಹೋದಾಗ ಅವರು ಮರುಮಾತಿಲ್ಲದೆ ಸಾವಿರ ಡಾಲರ್ ಕೊಟ್ಟರೆಂಬ ಸಂಗತಿ ಕೂಗನ್ ಅವರ ಜೀವನ ಕುರಿತ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಸೈನ್ಯಕ್ಕೆ ಸೇರ್ಪಡೆ

1941ರ ಮಾರ್ಚ್‌ನಲ್ಲಿ, ಅಮೆರಿಕ ಯುದ್ಧಕ್ಕಿಳಿಯುವ ಒಂಬತ್ತು ತಿಂಗಳ ಮೊದಲೇ, ಕೂಗನ್ ಭೂಸೈನ್ಯವನ್ನು ಸೇರಿದರು. ಆ ವರ್ಷದ ಡಿಸೆಂಬರಿನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿದ ನಂತರ, ನಾಗರಿಕ ವಿಮಾನ ಹಾರಿಸಿದ ಅನುಭವವಿದ್ದ ಅವರು ತಮ್ಮನ್ನು ಭೂಸೈನ್ಯದ ವಾಯುದಳಕ್ಕೆ ಗ್ಲೈಡರ್ ಪೈಲಟ್ ಆಗಿ ವರ್ಗಾಯಿಸುವಂತೆ ಕೋರಿದರು. ಉನ್ನತ ಗ್ಲೈಡರ್ ಶಾಲೆಯ ತರಬೇತಿ ಮುಗಿಸಿ 'ಫ್ಲೈಟ್ ಆಫೀಸರ್' ದರ್ಜೆ ಪಡೆದರು. ಇದು ವಾಯುದಳದಲ್ಲಿ 1942ರಲ್ಲಿ ಹೊಸದಾಗಿ ಸೃಷ್ಟಿಸಿದ ದರ್ಜೆ. ವಾರಂಟ್ ಅಧಿಕಾರಿಗೆ ಸಮಾನವಾದದ್ದು. ಬಳಿಕ ಅಪಾಯದ ಕೆಲಸಕ್ಕೆ ಸ್ವಯಂಪ್ರೇರಿತರಾಗಿ ಹೆಸರು ಕೊಟ್ಟು 1ನೇ ಏರ್ ಕಮಾಂಡೊ ಗ್ರೂಪ್ ಎಂಬ ವಿಶೇಷ ದಳಕ್ಕೆ ಆಯ್ಕೆಯಾದರು.

ಗ್ಲೈಡರ್ ಮತ್ತು ಅದರ ಪೈಲಟ್

ಯುದ್ಧದ ಗ್ಲೈಡರ್ ಎಂದರೆ ಎಂಜಿನ್ ಇಲ್ಲದ ಸಾರಿಗೆ ವಿಮಾನ. ಇನ್ನೊಂದು ವಿಮಾನ ಅದನ್ನು ಉದ್ದನೆಯ ಹಗ್ಗದಿಂದ ಎಳೆದೊಯ್ಯುತ್ತದೆ. ಗುರಿಯ ಹತ್ತಿರ ಪೈಲಟ್ ಸನ್ನೆ ಹಿಡಿದು ಹಗ್ಗ ಕಳಚುತ್ತಾನೆ. ಅಲ್ಲಿಂದ ಮುಂದೆ ಗ್ಲೈಡರ್‌ಗೆ ಗೊತ್ತಿರುವುದು ಕೆಳಗಿಳಿಯುವುದೊಂದೇ. ಪ್ಯಾರಾಶೂಟ್ ಸೈನಿಕರು ಗಾಳಿಗೆ ಸಿಕ್ಕಿ ಚದುರಿಹೋಗುತ್ತಾರೆ. ಜೀಪು, ಫಿರಂಗಿ, ಹೇಸರಗತ್ತೆಗಳನ್ನು ಆಗ ಪ್ಯಾರಾಶೂಟಿನಿಂದ ಇಳಿಸುವುದೂ ಕಷ್ಟವಿತ್ತು. ಒಂದು ತುಕಡಿಯನ್ನು ಆಯುಧ ಸಾಮಗ್ರಿ ಸಮೇತ ಒಂದೇ ಕಡೆ, ಸದ್ದಿಲ್ಲದೆ ಇಳಿಸಬಲ್ಲದ್ದು ಗ್ಲೈಡರ್. 1940ರ ಮೇ 10ರಂದು ಬೆಲ್ಜಿಯಮ್ಮಿನ ಎಬೆನ್-ಎಮೆಲ್ ಕೋಟೆಯ ನೆತ್ತಿಯ ಮೇಲೆಯೇ ಗ್ಲೈಡರ್‌ಗಳಲ್ಲಿ ಬಂದಿಳಿದ ಜರ್ಮನರು ಇದನ್ನು ಜಗತ್ತಿಗೆ ತೋರಿಸಿಕೊಟ್ಟಿದ್ದರು. ಅಪಾಯವನ್ನು ತೋರಿಸಿದ್ದು 1943ರ ಜುಲೈನ ಸಿಸಿಲಿ ದಾಳಿ: ಅಲ್ಲಿ ಅರವತ್ತಕ್ಕೂ ಹೆಚ್ಚು ಗ್ಲೈಡರ್‌ಗಳು ದಡ ಮುಟ್ಟದೆ ಸಮುದ್ರಕ್ಕೆ ಬಿದ್ದವು.

ಅಮೆರಿಕದ ಮುಖ್ಯ ಗ್ಲೈಡರ್ ವಾಕೊ ಕಂಪನಿ ವಿನ್ಯಾಸಗೊಳಿಸಿದ ಸಿ.ಜಿ.-4ಎ. ಬ್ರಿಟಿಷರು ಇದನ್ನು ಹೇಡ್ರಿಯನ್ ಎಂದು ಕರೆದರು. ಉಕ್ಕಿನ ಕೊಳವೆ ಮತ್ತು ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿದ ಈ ವಾಹನದ ರೆಕ್ಕೆಗಳ ಹರವು 25.5 ಮೀಟರ್, ಖಾಲಿ ತೂಕ 1,700 ಕಿಲೊಗ್ರಾಮ್‌ನ ಆಸುಪಾಸು, ತುಂಬಿದಾಗ ಅದರ ಎರಡರಷ್ಟು. ಇಬ್ಬರು ಪೈಲಟ್‌ಗಳು ಮತ್ತು 13 ಸೈನಿಕರು, ಇಲ್ಲವೇ ಒಂದು ಜೀಪು ಇದರಲ್ಲಿ ಹಿಡಿಸುತ್ತಿತ್ತು. ಪೈಲಟ್‌ಗಳು ಕೂರುವ ಮೂತಿಯ ಭಾಗವೇ ಬಾಗಿಲಿನಂತೆ ಮೇಲಕ್ಕೆ ತೆರೆದುಕೊಳ್ಳುತ್ತಿತ್ತು. ಇಳಿಯುವಾಗ ಗ್ಲೈಡರ್ ಏನಕ್ಕಾದರೂ ಡಿಕ್ಕಿ ಹೊಡೆದರೆ ಒಳಗಿನ ಜೀಪು ಮುನ್ನುಗ್ಗಿ ಪೈಲಟ್‌ಗಳನ್ನು ಜಜ್ಜದಿರಲೆಂದು ಜೀಪಿಗೂ ಮೂತಿಗೂ ತಂತಿ ಬಿಗಿಯುತ್ತಿದ್ದರು. ಜೀಪು ಮುಂದೆ ಸರಿದರೆ ಮೂತಿ ತಾನಾಗಿ ಮೇಲೆದ್ದು ಪೈಲಟ್‌ಗಳನ್ನೂ ಎತ್ತಿಕೊಳ್ಳುತ್ತಿತ್ತು. ಒಟ್ಟು 13,000ಕ್ಕೂ ಹೆಚ್ಚು ಸಿ.ಜಿ.-4ಎ ಗ್ಲೈಡರ್‌ಗಳು ತಯಾರಾದವು.

ಎಳೆಯುವ ವಿಮಾನದ ಹಿಂದೆ ಏಳುವ ಗಾಳಿಯ ಸುಳಿಗೆ ಸಿಗದಂತೆ ಗ್ಲೈಡರನ್ನು ತುಸು ಎತ್ತರದಲ್ಲಿ ಹಿಡಿದಿಡುವುದೇ ಪೈಲಟ್‌ಗೆ ದೊಡ್ಡ ಕೆಲಸ. ಹಗ್ಗ ಸಡಿಲಬಿಟ್ಟು ಮತ್ತೆ ಹಠಾತ್ತನೆ ಬಿಗಿಯಾದರೆ ತುಂಡಾಗುತ್ತದೆ. ಗಂಟೆಗಟ್ಟಲೆ ಕೈಕಾಲು ಸಡಿಲಿಸುವಂತಿಲ್ಲ. ಇಳಿಯುವ ಅವಕಾಶ ಒಮ್ಮೆ ಮಾತ್ರ. ಜಾಗ ಸರಿಯಿಲ್ಲವೆಂದು ಮೇಲೇರಿ ಇನ್ನೊಂದು ಸುತ್ತು ಹಾಕಲು ಎಂಜಿನ್ ಇಲ್ಲ. ಅಮೆರಿಕದ ಗ್ಲೈಡರ್ ಪೈಲಟ್‌ಗಳ ಎದೆಯ ರೆಕ್ಕೆಬಿಲ್ಲೆಯ ನಡುವೆ 'ಜಿ' ಅಕ್ಷರವಿತ್ತು. ಅದು ಗ್ಲೈಡರ್‌ನ 'ಜಿ' ಅಲ್ಲ, ಎದೆಗಾರಿಕೆ ಎಂಬರ್ಥದ 'ಗಟ್ಸ್' ಪದದ 'ಜಿ' ಎಂಬುದು ಅವರ ನಡುವಿನ ಮಾತು. ಬ್ರಿಟಿಷ್ ಗ್ಲೈಡರ್ ಪೈಲಟ್‌ಗಳಿಗೆ ಇಳಿದ ಮೇಲೆ ಕಾಲಾಳುಗಳಾಗಿ ಕಾದುವ ಪೂರ್ಣ ತರಬೇತಿ ಇತ್ತು. ಅಮೆರಿಕನ್ನರಿಗೆ ಅಷ್ಟು ಇರಲಿಲ್ಲ. ನೆಲ ಮುಟ್ಟಿದ ಮೇಲೆ ಅವರು ವಿಮಾನವಿಲ್ಲದ ವೈಮಾನಿಕರು.

ಭಾರತದಲ್ಲಿ

1943ರ ಆಗಸ್ಟ್‌ನಲ್ಲಿ ಕೆನಡಾದ ಕ್ವಿಬೆಕ್ ನಗರದಲ್ಲಿ ನಡೆದ ಮಿತ್ರರಾಷ್ಟ್ರಗಳ ಸಮಾಲೋಚನೆಯಲ್ಲಿ ಬ್ರಿಟಿಷ್ ಸೇನಾಧಿಕಾರಿ ಆರ್ಡ್ ವಿಂಗೇಟ್ ತಮ್ಮ ಯೋಜನೆಯನ್ನು ಮಂಡಿಸಿದ್ದರು. ಅವರ 'ಚಿಂಡಿಟ್' ಪಡೆ (ಬರ್ಮೀ ದೇಗುಲಗಳ ಬಾಗಿಲು ಕಾಯುವ ಸಿಂಹದ ಹೆಸರಿನಿಂದ ಬಂದದ್ದು) ಅದೇ ವರ್ಷದ ಆರಂಭದಲ್ಲಿ ಕಾಲ್ನಡಿಗೆಯಲ್ಲಿ ಬರ್ಮಾ ಹೊಕ್ಕು ಅಪಾರ ನಷ್ಟದೊಡನೆ ಮರಳಿತ್ತು. ಗಾಯಗೊಂಡವರನ್ನು ದಾರಿಯಲ್ಲೇ ಬಿಟ್ಟುಬರಬೇಕಾಗಿತ್ತು. ಎರಡನೇ ಬಾರಿ ಪಡೆಯನ್ನು ಆಕಾಶಮಾರ್ಗದಿಂದಲೇ ಒಯ್ಯಬೇಕು, ಗಾಯಾಳುಗಳನ್ನು ಆಕಾಶಮಾರ್ಗದಿಂದಲೇ ತರಬೇಕು ಎಂಬುದು ವಿಂಗೇಟ್ ಅವರ ಆಗ್ರಹ. ಅಮೆರಿಕದ ವಾಯುದಳದ ಮುಖ್ಯಸ್ಥ ಜನರಲ್ ಆರ್ನಾಲ್ಡ್ ಇದಕ್ಕೆಂದೇ ಒಂದು ದಳ ಕಟ್ಟಿಸಿದರು. ಫಿಲಿಪ್ ಕಾಕ್ರನ್ ಮತ್ತು ಜಾನ್ ಅಲಿಸನ್ ಅದರ ನಾಯಕರು. ಯುದ್ಧವಿಮಾನ, ಬಾಂಬರ್, ಸಾರಿಗೆ ವಿಮಾನ, ಗಾಯಾಳುಗಳನ್ನು ಸಾಗಿಸುವ ಪುಟ್ಟ ವಿಮಾನ, ಗ್ಲೈಡರ್, ಕೊನೆಗೆ ನಾಲ್ಕಾರು ಹೆಲಿಕಾಪ್ಟರ್‌ಗಳೂ ಸೇರಿದ್ದ ಇಂಥ ದಳ ಅದಕ್ಕೆ ಮೊದಲು ಇರಲಿಲ್ಲ.

1943ರ ಡಿಸೆಂಬರ್‌ನಲ್ಲಿ ಕೂಗನ್ ಇದ್ದ ದಳವನ್ನು ಭಾರತಕ್ಕೆ ಕಳುಹಿಸಲಾಯಿತು. ಗ್ಲೈಡರ್‌ಗಳ ಮುಂಚೂಣಿ ನೆಲೆ ಅಂದಿನ ಕಾಛಾಡ ಜಿಲ್ಲೆಯ ಲಾಲಾಘಾಟ್. ಯುದ್ಧವಿಮಾನಗಳದ್ದು ಸಮೀಪದ ಹೈಲಾಕಾಂಡಿ. ಹಗಲೂ ರಾತ್ರಿ ಅಭ್ಯಾಸ ನಡೆಯಿತು. 1944ರ ಫೆಬ್ರವರಿಯಲ್ಲಿ ರಾತ್ರಿ ಅಭ್ಯಾಸದಲ್ಲಿ ಗ್ಲೈಡರೊಂದು ಅಪಘಾತಕ್ಕೀಡಾಗಿ ನಾಲ್ವರು ಬ್ರಿಟಿಷ್ ಸೈನಿಕರು ಮತ್ತು ಮೂವರು ಅಮೆರಿಕನ್ನರು ಸತ್ತರು. ಚಿಂಡಿಟ್‌ಗಳು ಇನ್ನು ಗ್ಲೈಡರ್ ಹತ್ತುವರೇ ಎಂಬ ಅನುಮಾನ ಅಮೆರಿಕನ್ನರನ್ನು ಕಾಡಿತು. ಮರುದಿನ ಸತ್ತವರ ತುಕಡಿಯ ಅಧಿಕಾರಿಯಿಂದ ಸಂದೇಶ ಬಂತು: ನಿಮ್ಮ ಹುಡುಗರೊಡನೆ ಎಲ್ಲಿಗೆ, ಯಾವಾಗ, ಎತ್ತ ಬೇಕಾದರೂ ಬರುತ್ತೇವೆ. ಆ ಮಾತೇ ಮುಂದೆ ಏರ್ ಕಮಾಂಡೊಗಳ ಧ್ಯೇಯವಾಕ್ಯವಾಯಿತು.

ಗ್ಲೈಡರ್ ಕುರಿತ ಆಸಕ್ತಿ ಆಗ ಕರ್ನಾಟಕವನ್ನೂ ತಲುಪಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆ ಅವರು ವಿನ್ಯಾಸಗೊಳಿಸಿದ ಹತ್ತು ಆಸನಗಳ ಜಿ-1 ಗ್ಲೈಡರ್ ಯುದ್ಧಕಾಲದಲ್ಲೇ ಹಾರಿತು. ಘಾಟಗೆ ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಅವರ ಶಿಷ್ಯರಾಗಿದ್ದವರು, ಮುಂದೆ ಎಚ್.ಟಿ.-2 ತರಬೇತಿ ವಿಮಾನವನ್ನು ರೂಪಿಸಿದವರು. ಜಿ-1 ದೊಡ್ಡ ಸಂಖ್ಯೆಯ ಉತ್ಪಾದನೆಗೆ ಬರಲಿಲ್ಲ. ಕಾರ್ಖಾನೆ ಯುದ್ಧದ ಉಳಿದ ವರ್ಷಗಳಲ್ಲಿ ಅಮೆರಿಕದ ವಿಮಾನಗಳ ದುರಸ್ತಿಯಲ್ಲಿ ಮುಳುಗಿತು. ಬರ್ಮಾಕ್ಕೆ ಹೋದವು ಅಮೆರಿಕದ ಗ್ಲೈಡರ್‌ಗಳು.

1944ರ ಮಾರ್ಚ್ 5ರ ರಾತ್ರಿ

ಕಾರ್ಯಾಚರಣೆಗೆ ಇಟ್ಟ ಗುಪ್ತನಾಮ 'ಥರ್ಸ್‌ಡೇ'. ನಡೆದದ್ದು ಮಾತ್ರ ಭಾನುವಾರ. ಉತ್ತರ ಬರ್ಮಾದ ಇಂಡಾ ಪಟ್ಟಣದ ಸುತ್ತಲಿನ ಕಾಡಿನಲ್ಲಿ ಆಯ್ದ ಬಯಲುಗಳಿಗೆ ದೊಡ್ಡ ನಗರಗಳ ಪ್ರಖ್ಯಾತ ಬೀದಿಗಳ ಹೆಸರು: ನ್ಯೂಯಾರ್ಕಿನ ಬ್ರಾಡ್‌ವೇ, ಲಂಡನ್ನಿನ ಪಿಕಡಿಲಿ, ಕಲ್ಕತ್ತೆಯ ಚೌರಂಗಿ. ಬ್ರಾಡ್‌ವೇ ಜಪಾನೀಯರ ಮುಂಚೂಣಿಯಿಂದ ಸುಮಾರು 160 ಕಿಲೊಮೀಟರ್ ಒಳಗಿತ್ತು. ನೇರ ಗೆರೆ ಎಳೆದರೆ ಗಜೇಂದ್ರಗಡದಿಂದ ಬೆಳಗಾವಿಗೆ ಹೆಚ್ಚುಕಡಿಮೆ ಇಷ್ಟೇ ದೂರ. ಆದರೆ ಇಲ್ಲಿಯ ಎರೆಬಯಲಿನಂಥ ಸಮತಟ್ಟು ದಾರಿ ಅದಲ್ಲ. ನಡುವೆ 2,000 ಮೀಟರ್ ಮೀರಿದ ಪರ್ವತಸಾಲುಗಳು.

ಮೊದಲ ರಾತ್ರಿ ಬ್ರಾಡ್‌ವೇ ಮತ್ತು ಪಿಕಡಿಲಿ ಎರಡರಲ್ಲೂ ಇಳಿಯಬೇಕೆಂಬ ಯೋಜನೆಯಿತ್ತು. ಗುಟ್ಟು ಬಯಲಾಗಬಾರದೆಂದು ವಿಂಗೇಟ್ ಆ ಬಯಲುಗಳ ಮೇಲೆ ವಿಮಾನ ಹಾರಿಸುವುದನ್ನು ನಿಷೇಧಿಸಿದ್ದರು. ಹೊರಡುವ ದಿನ ಕಾಕ್ರನ್ ಅವರ ಆಜ್ಞೆಯಂತೆ ವಿಮಾನವೊಂದು ಹೋಗಿ ಛಾಯಾಚಿತ್ರ ತೆಗೆಯಿತು. ಸಂಜೆ, ಸೈನಿಕರು ಗ್ಲೈಡರ್ ಹತ್ತಲು ಸಿದ್ಧರಿದ್ದಾಗ, ಇನ್ನೂ ಒದ್ದೆಯಾಗಿದ್ದ ಚಿತ್ರಗಳು ಲಾಲಾಘಾಟಿಗೆ ಬಂದವು. ಪಿಕಡಿಲಿಯ ಮೇಲೆಲ್ಲ ಮರದ ದಿಮ್ಮಿಗಳು ಅಡ್ಡಬಿದ್ದಿದ್ದವು. ಜಪಾನೀಯರಿಗೆ ಸುಳಿವು ಸಿಕ್ಕಿದೆಯೇ? ಬ್ರಾಡ್‌ವೇಯಲ್ಲೂ ಹೊಂಚುಹಾಕಿದ್ದಾರೆಯೇ? ವಿಂಗೇಟ್, 14ನೇ ಸೇನೆಯ ದಂಡನಾಯಕ ಸ್ಲಿಮ್, 77ನೇ ಬ್ರಿಗೇಡಿನ ಕ್ಯಾಲ್ವರ್ಟ್, ಕಾಕ್ರನ್ ಮೊದಲಾದವರು ಓಡುದಾರಿಯ ಪಕ್ಕದಲ್ಲೇ ನಿಂತು ಚರ್ಚಿಸಿದರು. ಎಲ್ಲ ಗ್ಲೈಡರ್‌ಗಳೂ ಬ್ರಾಡ್‌ವೇಗೇ ಹೋಗಬೇಕೆಂದು ತೀರ್ಮಾನವಾಯಿತು. ಬರ್ಮಾದ ಮರ ಕಡಿಯುವವರು ತೇಗದ ದಿಮ್ಮಿಗಳನ್ನು ಒಣಗಲು ಹಾಕಿದ್ದರಷ್ಟೆ ಎಂಬುದು ತಿಳಿದದ್ದು ಬಹಳ ಕಾಲದ ಮೇಲೆ.

ಒಂದು ಗಂಟೆಗೂ ಹೆಚ್ಚು ತಡವಾಗಿ, ಸಂಜೆ ಆರರ ನಂತರ, ಮೊದಲ ಡಕೋಟಾ ವಿಮಾನ ಎರಡು ಗ್ಲೈಡರ್‌ಗಳನ್ನು ಎಳೆದುಕೊಂಡು ನೆಲ ಬಿಟ್ಟಿತು. ಒಂದು ವಿಮಾನಕ್ಕೆ ಎರಡು ಗ್ಲೈಡರ್ ಎಂಬ ಲೆಕ್ಕಾಚಾರವೇ ಆ ರಾತ್ರಿಯ ದೊಡ್ಡ ತೊಡಕಾಯಿತು. ಜೊತೆಗೆ ಸೈನಿಕರು ತಮ್ಮ ಪಾಲಿನ ತೂಕಕ್ಕಿಂತ ಹೆಚ್ಚು ಮದ್ದುಗುಂಡು, ಆಹಾರ ತುರುಕಿಕೊಂಡಿದ್ದರು. ಕಾಡಿನಲ್ಲಿ ಹಸಿದವರಿಗೆ ಅದು ಸಹಜವೇ. ಭಾರ ಮೀರಿದ ಗ್ಲೈಡರ್‌ಗಳು ಪರ್ವತದ ಮೇಲಿನ ಗಾಳಿಯಲ್ಲಿ ಓಲಾಡಿದವು, ನೈಲಾನ್ ಹಗ್ಗಗಳು ಒಂದಾದ ಮೇಲೊಂದು ತುಂಡಾದವು. ಕೆಲವು ಗ್ಲೈಡರ್‌ಗಳು ಭಾರತದ ಗಡಿಯೊಳಗೇ ಇಳಿದವು. ಕೆಲವು ಚಿಂದ್ವಿನ್ ನದಿಯ ಆಚೆ ಶತ್ರುಗಳ ನಡುವೆ, ಜಪಾನಿ ಸೇನಾ ಕಚೇರಿಗಳ ಸಮೀಪವೇ ಬಿದ್ದವು. ಅಲ್ಲಿ ಇಲ್ಲಿ ಚೆದುರಿ ಬಿದ್ದ ಈ ಗ್ಲೈಡರ್‌ಗಳಿಂದ ದಾಳಿಯ ಗುರಿ ಯಾವುದೆಂದು ಜಪಾನೀಯರಿಗೆ ಅರ್ಥವಾಗದೇ ಹೋದದ್ದು ಯಾರೂ ಯೋಜಿಸದ ಲಾಭ.

ಸುಮಾರು ಮೂರು ಗಂಟೆಗಳ ಹಾರಾಟದ ನಂತರ ಬ್ರಾಡ್‌ವೇ ಬೆಳದಿಂಗಳಲ್ಲಿ ಕಾಣಿಸಿತು. ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಅದು ಹುಲ್ಲಿನ ನುಣುಪಾದ ಬಯಲು. ನಿಜದಲ್ಲಿ ಆನೆಗಳು ಮಳೆಗಾಲದಲ್ಲಿ ದಿಮ್ಮಿ ಎಳೆದ ಹಾದಿಗಳು ಆಳವಾದ ಕೊರಕಲುಗಳಾಗಿ ಹುಲ್ಲಿನಡಿ ಅಡಗಿದ್ದವು. ಮೊದಲು ಇಳಿದ ಗ್ಲೈಡರ್‌ಗಳ ಚಕ್ರಗಳು ಆ ಕೊರಕಲುಗಳಿಗೆ ಸಿಕ್ಕಿ ಕಿತ್ತುಹೋದವು. ಮುರಿದ ಗ್ಲೈಡರನ್ನು ಎಳೆದು ಬದಿಗೆ ಸರಿಸುವಷ್ಟರಲ್ಲಿ ಹಿಂದಿನದು ತಲೆಯ ಮೇಲೆ ಬಂದಿರುತ್ತಿತ್ತು. ಅದಕ್ಕೆ ಎಂಜಿನ್ ಇಲ್ಲ. ನಿಲ್ಲಲೂ ಆಗದು, ತಿರುಗಿ ಮೇಲೇರಲೂ ಆಗದು. ಕತ್ತಲಿನಲ್ಲಿ ಗ್ಲೈಡರ್ ಗ್ಲೈಡರಿಗೆ ಬಡಿಯಿತು, ಬಯಲಿನ ಅಂಚಿನ ಮರಗಳಿಗೆ ಬಡಿಯಿತು. ಬುಲ್‌ಡೋಜರ್ ಹೊತ್ತ ಒಂದು ಗ್ಲೈಡರ್ ಎರಡು ಮರಗಳ ನಡುವೆ ನುಗ್ಗಿ ಎರಡೂ ರೆಕ್ಕೆಗಳನ್ನು ಕಳೆದುಕೊಂಡಿತು. ಬುಲ್‌ಡೋಜರ್ ಮುನ್ನುಗ್ಗಿದಾಗ ತಂತಿ ಬಿಗಿದ ಮೂತಿ ಮೇಲೆದ್ದು, ಅದು ಪೈಲಟ್‌ಗಳ ಕೆಳಗಿನಿಂದಲೇ ಹೊರಗೆ ಹಾರಿಹೋಯಿತು. ಪೈಲಟ್‌ಗಳಿಬ್ಬರೂ ಬದುಕಿಕೊಂಡರು.

ಫ್ಲೈಟ್ ಆಫೀಸರ್ ಕೂಗನ್ ತಮ್ಮ ಗ್ಲೈಡರ್‌ನಲ್ಲಿದ್ದ ಬ್ರಿಟಿಷ್ ಸೈನಿಕರನ್ನು ಇದೇ ಬಯಲಿನಲ್ಲಿ ಇಳಿಸಿದರು. ಅಂದು ಅವರಿಗೆ 29 ವರ್ಷ.

ನಡುರಾತ್ರಿಯ ನಂತರ ಕ್ಯಾಲ್ವರ್ಟ್ ಒಂದೇ ಗುಪ್ತಪದವನ್ನು ಲಾಲಾಘಾಟಿಗೆ ಕಳುಹಿಸಿದರು: 'ಸೋಯಾ ಲಿಂಕ್'. ಸೈನಿಕರ ಊಟದಲ್ಲಿ ಯಾರಿಗೂ ಬೇಡವಾಗಿದ್ದ ಸೋಯಾ ಸಾಸೇಜಿನ ಹೆಸರದು. ಅರ್ಥ: ತೊಂದರೆಯಾಗಿದೆ, ಇನ್ನು ಕಳುಹಿಸಬೇಡಿ. ದಾರಿಯಲ್ಲಿದ್ದ ಗ್ಲೈಡರ್‌ಗಳನ್ನು ಹಿಂದಕ್ಕೆ ಕರೆಸಲಾಯಿತು. ಲಾಲಾಘಾಟಿನಲ್ಲಿದ್ದವರು ಬ್ರಾಡ್‌ವೇ ಶತ್ರುವಿನ ಕೈಗೆ ಸಿಕ್ಕಿತೆಂದೇ ಬಗೆದು ರಾತ್ರಿ ಕಳೆದರು. ಬೆಳಗಾದ ಮೇಲೆ ಎರಡನೇ ಪದ ಬಂತು: 'ಪೋರ್ಕ್ ಸಾಸೇಜ್'. ಎಲ್ಲ ಸರಿಯಿದೆ, ಕಳುಹಿಸಬಹುದು.

ಹೊರಟ 60ಕ್ಕೂ ಹೆಚ್ಚು ಗ್ಲೈಡರ್‌ಗಳಲ್ಲಿ ಬ್ರಾಡ್‌ವೇ ಮುಟ್ಟಿದ್ದು ಅರ್ಧದಷ್ಟು. ಸುಮಾರು 30 ಮಂದಿ ಸತ್ತರು, ಅಷ್ಟೇ ಮಂದಿ ಗಾಯಗೊಂಡರು. ಶತ್ರುವಿನ ಗುಂಡಿಗೆ ಬಿದ್ದವರು ಯಾರೂ ಅಲ್ಲಿರಲಿಲ್ಲ. ಜಪಾನೀಯರು ಆ ರಾತ್ರಿ ಬ್ರಾಡ್‌ವೇಗೆ ಬರಲೇ ಇಲ್ಲ. ಸತ್ತವರಲ್ಲಿ ಎಂಜಿನಿಯರ್ ತುಕಡಿಯ ಮುಖ್ಯಸ್ಥರೂ ಇದ್ದರು. ಉಳಿದ ಎಂಜಿನಿಯರ್‌ಗಳು, ಕೈಕಾಲು ಗಟ್ಟಿಯಿದ್ದವರೆಲ್ಲರ ನೆರವಿನಿಂದ ಹಗಲೆಲ್ಲ ನೆಲ ಸಮಮಾಡಿ ಸಂಜೆಯೊಳಗೆ ಓಡುದಾರಿ ಸಿದ್ಧಪಡಿಸಿದರು. ಆ ರಾತ್ರಿಯೇ ಡಕೋಟಾ ವಿಮಾನಗಳು ಒಂದರ ಹಿಂದೊಂದು ಇಳಿದವು. ಮರಳುವಾಗ ಗಾಯಾಳುಗಳನ್ನು ಹೊತ್ತೊಯ್ದವು. ಒಂದು ವಾರದೊಳಗೆ ಬ್ರಾಡ್‌ವೇ ಮತ್ತು ಚೌರಂಗಿಗಳ ಮೂಲಕ ಸುಮಾರು 9,000 ಸೈನಿಕರು ಮತ್ತು 1,300ಕ್ಕೂ ಹೆಚ್ಚು ಹೇಸರಗತ್ತೆ, ಕುದುರೆಗಳು ಶತ್ರುವಿನ ಬೆನ್ನಹಿಂದೆ ಇಳಿದಿದ್ದವು. ಗೂರ್ಖಾ ಪಲ್ಟನ್ನುಗಳೂ ಅವರಲ್ಲಿದ್ದವು. ಇದೇ ದಿನಗಳಲ್ಲಿ ಜಪಾನೀಯರು ಇಂಫಾಲದತ್ತ ಮುನ್ನುಗ್ಗುತ್ತಿದ್ದರು.

ವಿಂಗೇಟ್ ಮಾರ್ಚ್ 24ರಂದು ಮಣಿಪುರದ ಬೆಟ್ಟಗಳಲ್ಲಿ ವಿಮಾನ ಅಪಘಾತದಿಂದ ಸತ್ತರು. ಚಿಂಡಿಟ್ ಕಾರ್ಯಾಚರಣೆಯಿಂದ ಆದ ಲಾಭ ತೆತ್ತ ಬೆಲೆಗೆ ಸಮನೇ ಎಂಬ ಚರ್ಚೆ ಸೇನಾ ಇತಿಹಾಸಕಾರರ ನಡುವೆ ಇಂದಿಗೂ ಮುಗಿದಿಲ್ಲ. ಗ್ಲೈಡರ್‌ಗಳ ಕುರಿತು ಮಾತ್ರ ತೀರ್ಪು ಬೇಗ ಬಂತು. ಎರಡನ್ನು ಒಟ್ಟಿಗೆ ಎಳೆಯುವುದನ್ನು ಈ ರಂಗದಲ್ಲಿ ಕೂಡಲೇ ಕೈಬಿಡಲಾಯಿತು. ಅದೇ ಏಪ್ರಿಲ್‌ನಲ್ಲಿ ಅದೇ ದಳದ ಪುಟ್ಟ ಹೆಲಿಕಾಪ್ಟರೊಂದು ಬರ್ಮಾದ ಕಾಡಿನಿಂದ ಗಾಯಾಳುಗಳನ್ನು ಎತ್ತಿತಂದಿತು. ನೆಟ್ಟಗೆ ಇಳಿದು ನೆಟ್ಟಗೆ ಏರಬಲ್ಲ ಆ ಯಂತ್ರವೇ 1950ರ ದಶಕದಲ್ಲಿ ಸೈನಿಕ ಗ್ಲೈಡರನ್ನು ಇತಿಹಾಸಕ್ಕೆ ಸೇರಿಸಿತು.

ಯುದ್ಧದ ನಂತರ

ಸೈನ್ಯದಿಂದ ಹಿಂದಿರುಗಿದ ಕೂಗನ್ ಅವರಿಗಾಗಿ ಹಾಲಿವುಡ್ ಕಾದಿರಲಿಲ್ಲ. ಜನ ನೆನಪಿಟ್ಟುಕೊಂಡಿದ್ದು ಅಗಲ ಕಣ್ಣುಗಳ, ದೊಗಲೆ ಚಡ್ಡಿಯ ಬಾಲಕನನ್ನು. ಎದುರಿಗೆ ನಿಂತಿದ್ದವನು ತಲೆಗೂದಲು ತೆಳುವಾಗುತ್ತಿದ್ದ, ಮೈ ತುಂಬಿಕೊಂಡ ನಡುವಯಸ್ಸಿನ ವ್ಯಕ್ತಿ. 1947ರಲ್ಲಿ ಇನ್ನೊಬ್ಬ ಹಳೆಯ ಬಾಲನಟ ಜಾಕಿ ಕೂಪರ್ ಅವರೊಡನೆ 'ಕಿಲ್‌ರಾಯ್ ವಾಸ್ ಹಿಯರ್' ಎಂಬ ಹಾಸ್ಯಚಿತ್ರದಲ್ಲಿ ನಟಿಸಿದರು. ಯುದ್ಧದಿಂದ ಮರಳಿದ ಸೈನಿಕನೊಬ್ಬನ ಕತೆ ಅದು. ಅನಂತರ ಸಿಕ್ಕ ಸಣ್ಣಪುಟ್ಟ ಪಾತ್ರಗಳನ್ನೆಲ್ಲ ಒಪ್ಪಿಕೊಂಡರು. ಅವುಗಳಲ್ಲಿ ಅಗ್ಗದ ಚಿತ್ರಗಳೇ ಹೆಚ್ಚು.

ದೂರದರ್ಶನ ಅವರಿಗೆ ಮತ್ತೆ ದುಡಿಮೆ ಕೊಟ್ಟಿತು. 'ಕೌಬಾಯ್ ಜಿ-ಮೆನ್' ಸರಣಿಯಲ್ಲಿ ರಸೆಲ್ ಹೇಡನ್ ಅವರ ಜೊತೆಗಾರನಾಗಿ, 1962–63ರಲ್ಲಿ 'ಮೆಕೀವರ್ ಅಂಡ್ ದಿ ಕರ್ನಲ್' ಸರಣಿಯಲ್ಲಿ ಸೈನಿಕ ಶಾಲೆಯ ಸಾರ್ಜೆಂಟ್ ಆಗಿ ಕಾಣಿಸಿಕೊಂಡರು. 1964ರ ಸೆಪ್ಟೆಂಬರ್‌ನಲ್ಲಿ 'ದಿ ಆಡಮ್ಸ್ ಫ್ಯಾಮಿಲಿ' ಆರಂಭವಾಯಿತು. ಮೊದಲ ಪರೀಕ್ಷೆಯಲ್ಲಿ ತಿರಸ್ಕೃತರಾದ ಅವರು ತಲೆ ಬೋಳಿಸಿಕೊಂಡು, ತಾವೇ ಬಣ್ಣ ಹಚ್ಚಿಕೊಂಡು ಮತ್ತೆ ಹೋಗಿ ಪಾತ್ರ ಗಿಟ್ಟಿಸಿದರೆಂದು ಹೇಳಲಾಗುತ್ತದೆ. ಬೋಳುತಲೆ, ಕಪ್ಪುಗಟ್ಟಿದ ಕಣ್ಣುಸುತ್ತು, ಉದ್ದನೆಯ ನಿಲುವಂಗಿ, ಬಾಯಲ್ಲಿಟ್ಟರೆ ತಾನಾಗಿ ಬೆಳಗುವ ವಿದ್ಯುತ್ ಬಲ್ಬು: ಅಂಕಲ್ ಫೆಸ್ಟರ್ ಮಕ್ಕಳ ಅಚ್ಚುಮೆಚ್ಚಿನ ಪಾತ್ರವಾದ. ಎರಡು ವರ್ಷಗಳಲ್ಲಿ 64 ಕಂತುಗಳು ಪ್ರಸಾರವಾದವು. ಮರುಪ್ರಸಾರಗಳ ಮೂಲಕ ಈ ಪಾತ್ರವನ್ನು ಕಂಡ ಮುಂದಿನ ತಲೆಮಾರಿನ ಅನೇಕರಿಗೆ ಚಾಪ್ಲಿನ್ ಚಿತ್ರದ ಹುಡುಗ ಇವರೇ ಎಂಬುದು ತಿಳಿದಿರಲಿಲ್ಲ.

1972ರಲ್ಲಿ, ಎರಡು ದಶಕಗಳ ಅನಂತರ, ಗೌರವ ಆಸ್ಕರ್ ಪ್ರಶಸ್ತಿ ಸ್ವೀಕರಿಸಲು ಚಾಪ್ಲಿನ್ ಅಮೆರಿಕಕ್ಕೆ ಮರಳಿದಾಗ ಲಾಸ್ ಏಂಜಲೀಸಿನಲ್ಲಿ ಅವರನ್ನು ಎದುರುಗೊಂಡವರಲ್ಲಿ ಕೂಗನ್ ಒಬ್ಬರು. ಚಾಪ್ಲಿನ್ ಅವರನ್ನು ಅಪ್ಪಿಕೊಂಡರು.

ಕುಟುಂಬ ಮತ್ತು ಮರಣ

ಕೂಗನ್ ನಾಲ್ಕು ಬಾರಿ ವಿವಾಹವಾದರು. ಬೆಟ್ಟಿ ಗ್ರೇಬಲ್ ಅವರ ನಂತರ 1941ರಲ್ಲಿ ಫ್ಲವರ್ ಪ್ಯಾರಿ ಅವರನ್ನು ಮದುವೆಯಾದರು. ಕೂಗನ್ ಭಾರತಕ್ಕೆ ಬರುವ ಕೆಲವು ತಿಂಗಳ ಮೊದಲು, 1943ರಲ್ಲಿ, ಅದೂ ಮುರಿದುಬಿತ್ತು. 1946ರಲ್ಲಿ ಆ್ಯನ್ ಮೆಕಾರ್ಮ್ಯಾಕ್ ಅವರೊಡನೆ ಮೂರನೇ ವಿವಾಹವಾಯಿತು. 1952ರಲ್ಲಿ ಮದುವೆಯಾದ ನರ್ತಕಿ ಡೊರೊತಿಯಾ ಹ್ಯಾನ್ಸನ್ ಕೊನೆಯವರೆಗೂ ಜೊತೆಗಿದ್ದರು. ತಮ್ಮ ರಾಬರ್ಟ್ ಕೂಗನ್ ಕೂಡ ಬಾಲನಟರಾಗಿದ್ದರು. ಮೊಮ್ಮಗ ಕೀತ್, ಬಾಲನಟನಾಗಿ ಬೇರೆ ಹೆಸರಿನಿಂದ ನಟಿಸುತ್ತಿದ್ದವರು, ಅಜ್ಜನ ಮರಣಾನಂತರ ಕೂಗನ್ ಎಂಬ ಕುಲನಾಮವನ್ನು ತಮ್ಮದಾಗಿಸಿಕೊಂಡರು.

ಹೃದಯ ಮತ್ತು ಮೂತ್ರಪಿಂಡದ ದೀರ್ಘಕಾಲದ ಕಾಯಿಲೆಗಳಿಂದ ಬಳಲುತ್ತಿದ್ದ ಕೂಗನ್ 1984ರ ಮಾರ್ಚ್ 1ರಂದು ಸಾಂಟಾ ಮೋನಿಕಾದಲ್ಲಿ ಹೃದಯಸ್ತಂಭನದಿಂದ ನಿಧನರಾದರು. ಬ್ರಾಡ್‌ವೇಯ ರಾತ್ರಿಗೆ ನಲವತ್ತು ವರ್ಷ ತುಂಬಲು ಆಗ ನಾಲ್ಕು ದಿನಗಳಿದ್ದವು. ಅವರ ಇಚ್ಛೆಯಂತೆ ಅಂತ್ಯಕ್ರಿಯೆಗೆ ಸಾರ್ವಜನಿಕರಿಗೂ ಪ್ರವೇಶವಿತ್ತು. ಸಮಾಧಿ ಕಲ್ವರ್ ಸಿಟಿಯ ಹೋಲಿ ಕ್ರಾಸ್ ಸ್ಮಶಾನದಲ್ಲಿದೆ.